ಸ್ಟಾಫರ್ಡ್‌ಶೈರ್‌ಗೂ ಒಂದು ಪಂದ್ಯ ಕೊಡಿ: ಇಂಗ್ಲೆಂಡ್ ಕ್ರಿಕೆಟ್ ಮಂಡಳಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಿಗೆ ಮತ್ತು ಪದಾಧಿಕಾರಿಗಳಿಗೆ,

ನಮಸ್ಕಾರ.

ನಿಮ್ಮ ದೇಶದ ಒಂದು ಸಣ್ಣ ಕೌಂಟಿ (ಅಂದರೆ ಜಿಲ್ಲೆ) ಕ್ಲಬ್ ಬಗ್ಗೆ ಕನ್ನಡದಲ್ಲಿ ಪತ್ರ ಬರೆಯೋರು ಯಾರಪ್ಪಾ ಅಂತ ನಿಮಗೆ ಅನ್ನಿಸಬಹುದು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ 1980ರ ಫೆಬ್ರವರಿಯಲ್ಲಿದೆ. ಬಾಂಬೆಯ ವಾಂಖೆಡೆ ಮೈದಾನ. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಕ್ರೀಸ್‌ನಲ್ಲಿದ್ದ ವಿಕೆಟ್ ಕೀಪರ್ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಅಂದರು. ಕೀಪರ್ ಕೈಗೆ ಕ್ಯಾಚ್ ಅಂತ. ಬಾಲ್ ಬ್ಯಾಟಿಗೆ ತಾಗಿಲ್ಲ ಅಂತ ಟೇಲರ್ ನಿಂತೇ ಇದ್ದರು. ಆಗ ಭಾರತದ ನಾಯಕ, ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಗುಂಡಪ್ಪ ವಿಶ್ವನಾಥ್, ಅಂಪೈರ್ ಹತ್ತಿರ ಹೋಗಿ ಮಾತಾಡಿ ಟೇಲರ್ ಅವರನ್ನು ಆಟಕ್ಕೆ ವಾಪಸ್ ಕರೆದರು. ಟೇಲರ್ 43 ಹೊಡೆದರು. ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು. ಸಾಲದು ಅಂತ ಅದೇ ಟೆಸ್ಟಿನಲ್ಲಿ 10 ಕ್ಯಾಚ್ ಹಿಡಿದು ವಿಶ್ವದಾಖಲೆಯನ್ನೂ ಮಾಡಿದರು. ಭಾರತ 10 ವಿಕೆಟ್‌ನಿಂದ ಸೋತಿತು. ವಿಶಿ ಮಾಡಿದ್ದು ಸರಿ ಅಂತ ನಾವು ಇವತ್ತಿಗೂ ಹೇಳುತ್ತೇವೆ. ಸೋತದ್ದು ಮಾತ್ರ ಇನ್ನೂ ಸ್ವಲ್ಪ ಉರಿಯುತ್ತೆ.

ಆ ಬಾಬ್ ಟೇಲರ್ ಹುಟ್ಟಿದ್ದು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ. ಡರ್ಬಿಶೈರ್ ಸೇರುವ ಮೊದಲು ಅವರು ಆಡಿದ ಕೌಂಟಿ ಸ್ಟಾಫರ್ಡ್‌ಶೈರ್. ಹಾಗಾಗಿ ಆ ಕ್ಲಬ್ ಬಗ್ಗೆ ಎರಡು ಮಾತು ಆಡಲು ಕನ್ನಡಿಗರಿಗೆ ಒಂಚೂರು ಹಕ್ಕಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ನೀವು ಬೇಸರ ಮಾಡಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಕೌಂಟಿ ಕ್ರಿಕೆಟ್ ಅಂದರೆ ನಮಗೆ ಗೊತ್ತಿರುವುದು 18 ದೊಡ್ಡ ಕೌಂಟಿಗಳು. ಕುಂಬ್ಳೆ ಆಡಿದ ನಾರ್ಥಾಂಪ್ಟನ್‌ಶೈರ್, ದ್ರಾವಿಡ್ ಆಡಿದ ಕೆಂಟ್, ಇಂಥವು. ಅವುಗಳ ಕೆಳಗೆ ಇನ್ನೂ 20 ತಂಡಗಳಿವೆ. ಅವುಗಳ ಚಾಂಪಿಯನ್‌ಷಿಪ್ 1895ರಿಂದ ನಡೆಯುತ್ತಾ ಬಂದಿದೆ. ಇಷ್ಟು ವರ್ಷ ಅವನ್ನು ಮೈನರ್ ಕೌಂಟಿ ಅಂತ ಕರೆಯುತ್ತಿದ್ದರು, 2020ರಲ್ಲಿ ನ್ಯಾಷನಲ್ ಕೌಂಟಿ ಅಂತ ಹೆಸರು ಬದಲಾಯಿತು. ಮೂರು ದಿನದ ಪಂದ್ಯ ಆಡುತ್ತಾರೆ. ಆಡುವವರಲ್ಲಿ ಹೆಚ್ಚಿನವರಿಗೆ ಬೇರೆ ಕೆಲಸ ಇರುತ್ತೆ, ರಜೆ ಹಾಕಿ ಬಂದು ಆಡುತ್ತಾರೆ. ಇದು ಪ್ರಥಮ ದರ್ಜೆ ಕ್ರಿಕೆಟ್ ಅಲ್ಲ. ಇಲ್ಲಿ ಹೊಡೆದ ಸೆಂಚುರಿ ಆಟಗಾರನ ದೊಡ್ಡ ಲೆಕ್ಕದಲ್ಲಿ ಸೇರೋದಿಲ್ಲ.

ಸ್ಟಾಫರ್ಡ್‌ಶೈರ್ ಈ 20ರಲ್ಲಿ ಒಂದು. ಕ್ಲಬ್ ಶುರುವಾಗಿದ್ದು 1871ರಲ್ಲಿ. ಇಂಗ್ಲೆಂಡಿನ ನಡುಭಾಗದ ಸೀಮೆ ಅದು. ಉತ್ತರಕ್ಕೆ ಪಿಂಗಾಣಿ ಪಾತ್ರೆ ಮಾಡುವ ಊರುಗಳು, ಕ್ಯಾನಕ್ ಸುತ್ತ ಹಿಂದೆ ಇದ್ದ ಕಲ್ಲಿದ್ದಲ ಗಣಿಗಳು, ಬರ್ಟನ್‌ನಲ್ಲಿ ಬಿಯರ್ ಕಾರ್ಖಾನೆಗಳು. ಇಂಥ ಕಡೆ ಕ್ರಿಕೆಟ್ ಬೆಳೆದದ್ದು ಅರಮನೆ, ಕಾಲೇಜುಗಳಿಂದ ಅಲ್ಲ. ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದವರ ಲೀಗ್ ಪಂದ್ಯಗಳಿಂದ. ಕೌಂಟಿ ತಂಡಕ್ಕೆ ಇವತ್ತಿಗೂ ತನ್ನದೇ ಅನ್ನುವ ದೊಡ್ಡ ಸ್ಟೇಡಿಯಂ ಇಲ್ಲ. ಸ್ಟೋನ್, ಲೀಕ್, ಲಾಂಗ್ಟನ್, ನೈಪರ್ಸ್ಲಿ, ಹೀಗೆ ಊರೂರಿನ ಕ್ಲಬ್ ಮೈದಾನಗಳಲ್ಲಿ ಆಡಿಕೊಂಡು ಬಂದಿದೆ.

ಸ್ಟಾಫರ್ಡ್‌ಶೈರ್ ಕಥೆ ಹೇಳಬೇಕು ಅಂದರೆ ಬೌಲರ್ ಸಿಡ್ನಿ ಬಾರ್ನ್ಸ್ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಬಾರ್ನ್ಸ್ 1873ರಲ್ಲಿ ಸ್ಮೆದಿಕ್‌ನಲ್ಲಿ ಹುಟ್ಟಿದರು. ಆಗ ಆ ಊರು ಸ್ಟಾಫರ್ಡ್‌ಶೈರ್‌ಗೆ ಸೇರಿತ್ತು. ಮೊದಲು ವಾರ್ವಿಕ್‌ಶೈರ್‌ಗೆ ಹೋದರು, ಕೆಲವೇ ಪಂದ್ಯಕ್ಕೆ ಅದು ಮುಗಿಯಿತು. ಲ್ಯಾಂಕಾಶೈರ್ ಲೀಗ್‌ಗಳಲ್ಲಿ ದುಡ್ಡಿಗೆ ಆಡಿದರು. 1901ರಲ್ಲಿ ಬರ್ನ್‌ಲಿ ಕ್ಲಬ್‌ನಲ್ಲಿದ್ದ ಈ ಮನುಷ್ಯನನ್ನು ಇಂಗ್ಲೆಂಡ್ ನಾಯಕ ಆರ್ಚಿ ಮೆಕ್ಲಾರೆನ್ ನೆಟ್ಸ್‌ನಲ್ಲಿ ಎದುರಿಸಿ ನೋಡಿ, ಸೀದಾ ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದರು. ಪತ್ರಿಕೆಗಳು ಹುಬ್ಬೇರಿಸಿದವು. ಬಾರ್ನ್ಸ್ ಮೆಲ್ಬರ್ನ್ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು. ಆಮೇಲೆ ಲ್ಯಾಂಕಾಶೈರ್ ಕೌಂಟಿಗೆ ಎರಡು ಸೀಸನ್ ಪೂರ್ತಿ ಆಡಿ, ಸಂಬಳದ ವಿಷಯಕ್ಕೆ ಹೊಂದದೆ ಹೊರಬಂದರು.

ಹೊರಬಂದು ಎಲ್ಲಿಗೆ ಹೋದರು ಅನ್ನೋದೇ ಇಲ್ಲಿ ಮುಖ್ಯ. ಇನ್ನೊಂದು ದೊಡ್ಡ ಕೌಂಟಿಗೆ ಅಲ್ಲ. 1904ರಲ್ಲಿ ಸ್ಟಾಫರ್ಡ್‌ಶೈರ್‌ಗೆ ಬಂದರು. ಅವರ ಲೆಕ್ಕ ಬಹಳ ಸರಳ. ಶನಿವಾರ ಪೋರ್ಟ್‌ಹಿಲ್ ಪಾರ್ಕ್‌ನಂಥ ಲೀಗ್ ಕ್ಲಬ್‌ಗೆ ಆಡಿದರೆ ಒಳ್ಳೆ ದುಡ್ಡು. ವಾರದ ನಡುವೆ ಕೌಂಟಿಗೆ ಎರಡು ದಿನದ ಪಂದ್ಯ. ಉಳಿದ ದಿನ ಗುಮಾಸ್ತಿಕೆ. ದೊಡ್ಡ ಕೌಂಟಿಯಲ್ಲಿ ವಾರಕ್ಕೆ ಆರು ದಿನ ಮೈಮುರಿದು ಬೌಲ್ ಮಾಡಿದರೂ ನಲವತ್ತಕ್ಕೆ ಬೀದಿಗೆ ಬೀಳಬೇಕಾದ ಕಾಲ ಅದು. ಹಟಮಾರಿ, ಒರಟ ಅಂತ ಅವರನ್ನು ಬೈದವರು ಬಹಳ ಜನ. ನನಗೇನೋ ಆತ ಲೆಕ್ಕ ಬಲ್ಲ ಮನುಷ್ಯ ಅನ್ನಿಸುತ್ತೆ.

ಈಗ ನಿಮ್ಮ ದಾಖಲೆ ಪುಸ್ತಕ ತೆಗೆದು ನೋಡಿ. ಬಾರ್ನ್ಸ್ ಆಡಿದ್ದು 27 ಟೆಸ್ಟ್, ತೆಗೆದದ್ದು 189 ವಿಕೆಟ್, ಸರಾಸರಿ 16.43. ಅದರಲ್ಲಿ 1907ರಿಂದ 1914ರವರೆಗಿನ 23 ಟೆಸ್ಟ್ ಆಡಿದ್ದು ಸ್ಟಾಫರ್ಡ್‌ಶೈರ್ ಆಟಗಾರನಾಗಿ. ಆ 23ರಲ್ಲಿ 163 ವಿಕೆಟ್. ಕೊನೆಯ ಸರಣಿಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ, ನಾಲ್ಕೇ ಟೆಸ್ಟಿನಲ್ಲಿ 49. ಐದನೇ ಟೆಸ್ಟ್ ಆಡಲೇ ಇಲ್ಲ. ಒಂದು ಸರಣಿಯಲ್ಲಿ ಅದಕ್ಕಿಂತ ಹೆಚ್ಚು ವಿಕೆಟ್ ಇವತ್ತಿನವರೆಗೂ ಯಾರೂ ತೆಗೆದಿಲ್ಲ. ಐಸಿಸಿಯ ರೇಟಿಂಗ್ ಪಟ್ಟಿಯಲ್ಲಿ ಟೆಸ್ಟ್ ಬೌಲರ್ ಒಬ್ಬ ಮುಟ್ಟಿದ ಅತಿ ಎತ್ತರದ ಅಂಕವೂ ಅವರದೇ. ಅಂದರೆ ಟೆಸ್ಟ್ ಇತಿಹಾಸದ ಅತಿ ದೊಡ್ಡ ಬೌಲರ್ ಅನ್ನಿಸಿಕೊಂಡವರು ತಮ್ಮ ಅತ್ಯುತ್ತಮ ವರ್ಷಗಳಲ್ಲಿ ಒಂದು ಮೈನರ್ ಕೌಂಟಿಯವರು. ಸ್ಟಾಫರ್ಡ್‌ಶೈರ್‌ಗೆ ಅವರು ತೆಗೆದ ವಿಕೆಟ್ 1,441. ಸರಾಸರಿ 8.15! ಈ ಅಂಕಿಯನ್ನು ಮೊದಲ ಸಲ ಓದಿದವರು ಮುದ್ರಣದೋಷ ಇರಬೇಕು ಅಂದುಕೊಂಡರೆ ತಪ್ಪಲ್ಲ.

ಭಾರತದವರಿಗೆ ಇದರ ರುಚಿ 1911ರಲ್ಲೇ ಸಿಕ್ಕಿತ್ತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಅಂತ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋಗಿತ್ತು. ಬೆಂಗಳೂರಿನ ಬಿ. ಜಯರಾಂ ಆ ತಂಡದಲ್ಲಿದ್ದರು. ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಕೂಡ ಇದ್ದರು. ದಲಿತ ಕುಟುಂಬದ ಬಾಳೂ ಆ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದು ಹೆಸರು ಮಾಡಿದರು. ಆದರೆ ಸ್ಟೋಕ್‌ನಲ್ಲಿ ಸ್ಟಾಫರ್ಡ್‌ಶೈರ್ ಎದುರು ಆಡಿದಾಗ ತಂಡಕ್ಕೆ ಬಾರ್ನ್ಸ್ ಸಿಕ್ಕರು. ಆ ಒಂದೇ ಪಂದ್ಯದಲ್ಲಿ 14 ವಿಕೆಟ್ ಅವರ ಪಾಲಾಯಿತು. ಪಾಪ, ನಮ್ಮವರು ಮೈನರ್ ಕೌಂಟಿ ಅಂತ ಹಗುರವಾಗಿ ಹೋಗಿದ್ದರೋ ಏನೋ. ಅದೇ ವರ್ಷ ಸ್ಟಾಫರ್ಡ್‌ಶೈರ್ ಚಾಂಪಿಯನ್ ಆಯಿತು. ಆ ಚಳಿಗಾಲದಲ್ಲೇ ಬಾರ್ನ್ಸ್ ಮೆಲ್ಬರ್ನ್‌ನಲ್ಲಿ ಮೊದಲ 5 ಓವರ್‌ಗೆ 1 ರನ್ ಕೊಟ್ಟು 4 ವಿಕೆಟ್ ತೆಗೆದರು.

ಆಮೇಲೂ ಅವರು ನಿಲ್ಲಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1924ರಲ್ಲಿ ಮತ್ತೆ ಸ್ಟಾಫರ್ಡ್‌ಶೈರ್‌ಗೆ ಬಂದು 1935ರವರೆಗೆ ಆಡಿದರು. ಆಗ ವಯಸ್ಸು 62. 1928ರಲ್ಲಿ, 55ನೇ ವಯಸ್ಸಿನಲ್ಲಿ, ವೇಲ್ಸ್ ಪರ ಆಡಿ ವೆಸ್ಟ್ ಇಂಡೀಸ್ ತಂಡದ 12 ವಿಕೆಟ್ ಕಿತ್ತಿದ್ದರು. ಅವರ ಅಕ್ಷರ ಬಹಳ ಚೆಂದ. ಮುಪ್ಪಿನಲ್ಲೂ ಕೌಂಟಿ ಕಚೇರಿಯ ಕಾನೂನು ದಸ್ತಾವೇಜುಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದರು. 1957ರಲ್ಲಿ ರಾಣಿ ಎಲಿಜಬೆತ್ ಸ್ಟಾಫರ್ಡ್‌ಗೆ ಬಂದಾಗ ಕೊಟ್ಟ ಬಿನ್ನವತ್ತಳೆ ಬರೆದದ್ದೂ ಅವರೇ. ತೀರಿಕೊಂಡದ್ದು 1967ರಲ್ಲಿ, ಅದೇ ಸೀಮೆಯ ಚಾಡ್ಸ್‌ಮೂರ್‌ನಲ್ಲಿ.

ಒಬ್ಬನೇ ಮನುಷ್ಯನ ಮೇಲೆ ನಿಂತ ಕ್ಲಬ್ ಇದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 1906, 1908, 1911 ಮತ್ತು 1927ರಲ್ಲಿ ಚಾಂಪಿಯನ್ ಆದಾಗ ಬಾರ್ನ್ಸ್ ಇದ್ದರು, ನಿಜ. ಆದರೆ 1920 ಮತ್ತು 1921ರಲ್ಲಿ ಅವರು ಬ್ರಾಡ್‌ಫರ್ಡ್ ಲೀಗ್‌ನಲ್ಲಿದ್ದರು. ಆ ಎರಡೂ ವರ್ಷ ಸ್ಟಾಫರ್ಡ್‌ಶೈರ್ ಗೆದ್ದಿತು. ಆಮೇಲೆ ದೊಡ್ಡ ಬರಗಾಲ ಬಂತು, ಅದನ್ನು ಮುಚ್ಚಿಡೋದು ಬೇಡ. 1927ರ ನಂತರ ಮುಂದಿನ ಪ್ರಶಸ್ತಿ ಬಂದದ್ದು 1991ರಲ್ಲಿ. ಬಂದಾಗ ಸಾಲಾಗಿ ಮೂರು ವರ್ಷ ಬಂತು. ಮತ್ತೆ 1998ರಲ್ಲಿ, 2014ರಲ್ಲಿ.

ಬರಗಾಲದ ಆ ಅರವತ್ತು ವರ್ಷ ಕ್ಲಬ್ ಸುಮ್ನೆ ಕೂತಿರಲಿಲ್ಲ. ಹುಡುಗರನ್ನು ಬೆಳೆಸಿ ಕಳಿಸುತ್ತಲೇ ಇತ್ತು. ಬಾಬ್ ಟೇಲರ್ ಡರ್ಬಿಶೈರ್‌ಗೆ ಹೋದರು, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಬೇರಾವ ಕೀಪರ್‌ಗಿಂತಲೂ ಹೆಚ್ಚು ಬಲಿ ಪಡೆದರು. ವೇಗಿ ಕೆನ್ ಹಿಗ್ಸ್ ಲ್ಯಾಂಕಾಶೈರ್‌ಗೆ ಹೋದರು. ಡೇವಿಡ್ ಸ್ಟೀಲ್ ನಾರ್ಥಾಂಪ್ಟನ್‌ಶೈರ್‌ಗೆ ಹೋದರು. 1975ರಲ್ಲಿ ಬಿಳಿ ಕೂದಲು, ಕನ್ನಡಕ ಹಾಕಿಕೊಂಡು ಆಸ್ಟ್ರೇಲಿಯಾದ ವೇಗಿಗಳಾದ ಲಿಲ್ಲಿ, ಥಾಮ್ಸನ್ ಎದುರು ಎದೆಯೊಡ್ಡಿ ನಿಂತ ಆ ಸ್ಟೀಲ್. ಆ ವರ್ಷ ಬಿಬಿಸಿಯ ವರ್ಷದ ಕ್ರೀಡಾಪಟು ಅವರೇ. ಡೊಮಿನಿಕ್ ಕಾರ್ಕ್ ಕೂಡ ಇಲ್ಲಿಂದಲೇ ಡರ್ಬಿಶೈರ್‌ಗೆ ಹೋದವರು. ಟೆಸ್ಟ್‌ಗೆ ಕಾಲಿಟ್ಟ ಲಾರ್ಡ್ಸ್ ಪಂದ್ಯದಲ್ಲೇ 43 ರನ್‌ಗೆ 7 ವಿಕೆಟ್ ತೆಗೆದರು. ಹೆಂಗಸರ ಕ್ರಿಕೆಟ್‌ನಲ್ಲಿ ಡ್ಯಾನಿ ವ್ಯಾಟ್-ಹಾಜ್ ಇದ್ದಾರೆ. ಸ್ಟೋಕ್‌ನಲ್ಲಿ ಹುಟ್ಟಿ, ಸ್ಟಾಫರ್ಡ್‌ಶೈರ್ ತಂಡದಲ್ಲಿ ಆಡಿ ಬೆಳೆದವರು. 2018ರಲ್ಲಿ ಮುಂಬೈಯಲ್ಲಿ ನಮ್ಮ ಹುಡುಗಿಯರ ವಿರುದ್ಧ 64 ಎಸೆತಕ್ಕೆ 124 ಚಚ್ಚಿದವರು. 2025ರಲ್ಲಿ ನಮ್ಮ ಆರ್‌ಸಿಬಿಗೆ ಬಂದಾಗ ಆ ಕೋಪ ಮರೆತೆವು ಅನ್ನಿ.

ಈ ಕ್ಲಬ್ ಒಂದು ತವರುಮನೆ ಇದ್ದ ಹಾಗೆ. ಹೆರುತ್ತೆ, ಸಾಕುತ್ತೆ, ಕಳಿಸಿಕೊಡುತ್ತೆ. ಹೋದವರ ಹೆಸರಿನ ಮುಂದೆ ಬೇರೆಯವರ ಮನೆತನ ಬರುತ್ತೆ. ನಿಮ್ಮ ಮಂಡಳಿಗೂ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿದೆ. ಸಣ್ಣ ಕೌಂಟಿಗಳ ಮಾತು ಬಂದಾಗಲೆಲ್ಲ ಆಟಗಾರರಿಗೆ ಮೇಲೇರಲು ದಾರಿ, ಮೆಟ್ಟಿಲು ಅನ್ನುವ ಮಾತೇ ಜಾಸ್ತಿ ಕೇಳುತ್ತೆ. ನನ್ನ ತಕರಾರು ಇರೋದು ಇಲ್ಲೇ. ಆಟಗಾರನಿಗೆ ಮೇಲೇರಲು ದಾರಿ ಇದೆ. ಆದರೆ ತಂಡಕ್ಕೆ?

ಒಂದು ಕಾಲದಲ್ಲಿ ದಾರಿ ಇತ್ತು. 1963ರಲ್ಲಿ ದೊಡ್ಡ ಕೌಂಟಿಗಳ ಒಂದು ದಿನದ ಟೂರ್ನಿ, ಜಿಲೆಟ್ ಕಪ್, ಶುರುವಾಯಿತು. 1964ರಿಂದ ಐದು ಮೈನರ್ ಕೌಂಟಿಗಳನ್ನು ಸೇರಿಸಿಕೊಂಡರು. ಸೋತರೆ ಮನೆಗೆ ಅನ್ನುವ ನಾಕೌಟ್. ಸಣ್ಣ ತಂಡಗಳು ಹೆಚ್ಚಿನ ಸಲ ಸೋತವು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ 1973ರಲ್ಲಿ ಹ್ಯಾರೊಗೇಟ್‌ನಲ್ಲಿ ಆಗಿನ್ನೂ ಮೈನರ್ ಕೌಂಟಿಯಾಗಿದ್ದ ಡರಮ್, ಯಾರ್ಕ್‌ಶೈರ್ ಅನ್ನು 135ಕ್ಕೆ ಆಲೌಟ್ ಮಾಡಿ 5 ವಿಕೆಟ್‌ನಿಂದ ಗೆದ್ದುಬಿಟ್ಟಿತು. ಯಾರ್ಕ್‌ಶೈರ್ ನಾಯಕ ಜೆಫ್ ಬಾಯ್ಕಾಟ್. ಅವರನ್ನು ಬೌಲ್ಡ್ ಮಾಡಿದ್ದು ಡರಮ್ ನಾಯಕ ಬ್ರಯನ್ ಲ್ಯಾಂಡರ್. ಅವತ್ತು ಲ್ಯಾಂಡರ್ ಲೆಕ್ಕ 15 ರನ್‌ಗೆ 5 ವಿಕೆಟ್. ಮೈನರ್ ಕೌಂಟಿಯೊಂದು ದೊಡ್ಡ ಕೌಂಟಿಯನ್ನು ಆ ಕಪ್‌ನಲ್ಲಿ ಸೋಲಿಸಿದ್ದು ಅದೇ ಮೊದಲು.

ಮುಂದಿನ ವರ್ಷ ಲಿಂಕನ್‌ಶೈರ್, ಗ್ಲಾಮೋರ್ಗನ್ ಅನ್ನು ಮಲಗಿಸಿತು. 1976ರಲ್ಲಿ ಹರ್ಟ್‌ಫರ್ಡ್‌ಶೈರ್, ಎಸೆಕ್ಸ್ ಅನ್ನು ಸೋಲಿಸಿತು. ಆ ಸೀಸನ್‌ನಲ್ಲಿ ಹರ್ಟ್‌ಫರ್ಡ್‌ಶೈರ್‌ಗೆ ಆಡುತ್ತಿದ್ದವರಲ್ಲಿ ನಮ್ಮ ದಿಲೀಪ್ ದೋಶಿಯೂ ಒಬ್ಬರು. ಅವರಿಗೆ ಭಾರತದ ಟೆಸ್ಟ್ ತಂಡದ ಬಾಗಿಲು ತೆರೆಯಲು ಇನ್ನೂ ಮೂರು ವರ್ಷ ಇತ್ತು. 1984ರಲ್ಲಿ ಶ್ರಾಪ್‌ಶೈರ್ ಯಾರ್ಕ್‌ಶೈರ್‌ಗೆ ಮತ್ತೊಮ್ಮೆ ಮಣ್ಣು ಮುಕ್ಕಿಸಿತು. ಯಾರ್ಕ್‌ಶೈರ್‌ನವರಿಗೆ ಇದನ್ನು ನೆನಪು ಮಾಡಿಕೊಡೋದು ನಿಮಗೂ ಖುಷಿ ಕೊಡುವ ಕೆಲಸವೇ ಅಲ್ವಾ? ಸ್ಟಾಫರ್ಡ್‌ಶೈರ್‌ಗೆ 1978ರಲ್ಲಿ ಸ್ಟೋನ್ ಮೈದಾನದಲ್ಲಿ ಅವಕಾಶ ಬಂದಿತ್ತು. ಮಳೆಯಿಂದ ಓವರ್ ಕಡಿಮೆಯಾದ ಪಂದ್ಯ. ಸಸೆಕ್ಸ್ ಕೂದಲೆಳೆಯಲ್ಲಿ ಪಾರಾಯಿತು. ಅದೇ ಸಸೆಕ್ಸ್ ಆ ವರ್ಷ ಕಪ್ ಎತ್ತಿತು.

ಡರಮ್ ಕಥೆ ಮುಂದೆ ಏನಾಯಿತು ಅಂತ ನಿಮಗೆ ಹೇಳಬೇಕಿಲ್ಲ. 1992ರಲ್ಲಿ ಅದಕ್ಕೆ ಪ್ರಥಮ ದರ್ಜೆ ಸ್ಥಾನ ಸಿಕ್ಕಿತು. 1921ರ ಗ್ಲಾಮೋರ್ಗನ್ ನಂತರ ಅದೇ ಮೊದಲು. ಆಮೇಲೆ ಮೂರು ಸಲ ಕೌಂಟಿ ಚಾಂಪಿಯನ್. ನಿಮ್ಮ ಬೆನ್ ಸ್ಟೋಕ್ಸ್, ಸ್ಟೀವ್ ಹಾರ್ಮಿಸನ್, ಪಾಲ್ ಕಾಲಿಂಗ್‌ವುಡ್ ಎಲ್ಲ ಬಂದದ್ದು ಅಲ್ಲಿಂದ. ಹ್ಯಾರೊಗೇಟ್‌ನ ಒಂದು ಪಂದ್ಯದಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳೋದಿಲ್ಲ. ಆದರೆ ನಾವೂ ದೊಡ್ಡವರ ಜೊತೆ ಆಡಬಲ್ಲೆವು ಅಂತ ತೋರಿಸಲು ಡರಮ್‌ಗೆ ಒಂದು ಜಾಗ ಇತ್ತು. 2005ರ ನಂತರ ಆ ಜಾಗ ಹೋಯಿತು. ಟೂರ್ನಿಯ ರೂಪ ಬದಲಾಯಿಸಿದಿರಿ, ಸಣ್ಣ ಕೌಂಟಿಗಳು ಹೊರಗೆ ಬಿದ್ದವು.

ಈಚಿನ ವರ್ಷಗಳಲ್ಲಿ ಒನ್ ಡೇ ಕಪ್‌ಗೆ (ದೊಡ್ಡ ಕೌಂಟಿಗಳ 50 ಓವರ್ ಟೂರ್ನಿ) ಮುಂಚೆ ದೊಡ್ಡ ಕೌಂಟಿಗಳು ಸಣ್ಣ ಕೌಂಟಿಗಳ ಜೊತೆ ಪ್ರದರ್ಶನ ಪಂದ್ಯ ಆಡುತ್ತಿವೆ. ಒಳ್ಳೆಯದೇ. ಜನ ಬರುತ್ತಾರೆ, ಕ್ಲಬ್‌ಗೆ ನಾಲ್ಕು ಕಾಸು ಆಗುತ್ತೆ. ಆದರೆ ಸೋತರೆ ಏನೂ ಕಳೆದುಕೊಳ್ಳದ ಪಂದ್ಯದಲ್ಲಿ ದೊಡ್ಡವರು ಸೋತರೆ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬಾಯ್ಕಾಟ್ ಅವರ ಸ್ಟಂಪ್ ಹಾರಿದ್ದನ್ನು ಜನ ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ ಅಂದರೆ ಅವತ್ತು ಯಾರ್ಕ್‌ಶೈರ್ ನಿಜವಾಗಿಯೂ ಕಪ್‌ನಿಂದ ಹೊರಗೆ ಬಿದ್ದಿತ್ತು, ಅದಕ್ಕೆ.

ನಮ್ಮಲ್ಲಿ ಎಲ್ಲ ಸರಿ ಇದೆ ಅಂತ ಬೀಗುವ ಉದ್ದೇಶ ನನಗಿಲ್ಲ. 2018ರಲ್ಲಿ ರಣಜಿ ಟ್ರೋಫಿಗೆ ಒಂದೇ ಸಲಕ್ಕೆ ಒಂಬತ್ತು ಹೊಸ ತಂಡ ಸೇರಿಸಿದರು. ಸಿಕ್ಕಿಂ, ಮಿಜೋರಾಂ, ಉತ್ತರಾಖಂಡ ಎಲ್ಲವೂ. ಆಟದ ಮಟ್ಟ ಬಿತ್ತು ಅಂತ ಗೊಣಗಿದವರಲ್ಲಿ ಕರ್ನಾಟಕದವರೂ ಇದ್ದರು. ಗೊಣಗಲು ಕಾರಣವೂ ಸಿಕ್ಕಿತು. 2022ರಲ್ಲಿ ನಮ್ಮ ಬೆಂಗಳೂರು ಪಕ್ಕದ ಆಲೂರಿನಲ್ಲಿ ಮುಂಬೈ ತಂಡ ಉತ್ತರಾಖಂಡವನ್ನು 725 ರನ್‌ನಿಂದ ಸೋಲಿಸಿತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ರನ್ ಲೆಕ್ಕದ ಅತಿ ದೊಡ್ಡ ಗೆಲುವು ಅದು. ಹಾಗಂತ ಉತ್ತರಾಖಂಡವನ್ನು ಯಾರೂ ಹೊರಗೆ ಹಾಕಲಿಲ್ಲ. 2025ರ ಜನವರಿಯಲ್ಲಿ ಜಮ್ಮು-ಕಾಶ್ಮೀರ ತಂಡ ಮುಂಬೈಗೇ ಹೋಗಿ, ರೋಹಿತ್ ಶರ್ಮಾ, ಯಶಸ್ವಿ ಜೈಸ್ವಾಲ್, ಅಜಿಂಕ್ಯ ರಹಾನೆ ಇದ್ದ ತಂಡವನ್ನು 5 ವಿಕೆಟ್‌ನಿಂದ ಬಗ್ಗುಬಡಿಯಿತು. ಜಮ್ಮು-ಕಾಶ್ಮೀರ ದಶಕಗಟ್ಟಲೆ ಸೋತ ತಂಡ. ಸೋಲುತ್ತಲೇ ಆಡಲು ಬಿಟ್ಟರು, ಅದಕ್ಕೇ ಆ ದಿನ ಬಂತು.

ನಿಮ್ಮಲ್ಲೇ ಉದಾಹರಣೆ ಇದೆ. 2025ರಲ್ಲಿ ಹೆಂಗಸರ ಟಿ20 ಕೌಂಟಿ ಕಪ್ ಶುರು ಮಾಡಿದಿರಿ. ದೊಡ್ಡ ಕೌಂಟಿ, ಸಣ್ಣ ಕೌಂಟಿ ಎಲ್ಲ ಒಂದೇ ನಾಕೌಟ್‌ನಲ್ಲಿ. ಫುಟ್‌ಬಾಲ್‌ನಲ್ಲಿ ಎಫ್ಎ ಕಪ್ ಇದೆ. ಸಣ್ಣೂರಿನ ಕ್ಲಬ್ ಒಂದು ದೊಡ್ಡ ಕ್ಲಬ್ ಅನ್ನು ಕೆಡವಿದರೆ ಇಡೀ ಇಂಗ್ಲೆಂಡ್ ಕುಣಿಯುತ್ತೆ. ಕ್ರಿಕೆಟ್‌ಗೆ ಬಂದರೆ ಮಾತ್ರ ಗಂಡಸರ ತಂಡಗಳಿಗೆ ಹೀಗೆ ಬಿಗುಮಾನ ಯಾಕೆ?

ಕ್ಯಾಲೆಂಡರಿನಲ್ಲಿ ಜಾಗ ಇಲ್ಲ ಅನ್ನುತ್ತೀರಿ. ಆಗಸ್ಟ್ ತಿಂಗಳು ನೋಡಿ. ಅತ್ತ ನೂರು ಎಸೆತಗಳ ಟೂರ್ನಿ ದ ಹಂಡ್ರೆಡ್ ನಡೆಯುತ್ತಿರುತ್ತೆ. ದೊಡ್ಡ ಕೌಂಟಿಗಳ ಒಳ್ಳೆ ಆಟಗಾರರೆಲ್ಲ ಅಲ್ಲಿರುತ್ತಾರೆ. ಇತ್ತ ಒನ್ ಡೇ ಕಪ್ ಅನ್ನು ಉಳಿದವರು, ಹೊಸ ಹುಡುಗರು ಆಡುತ್ತಾರೆ, ಎಷ್ಟೋ ಸಲ ಸಣ್ಣೂರಿನ ಮೈದಾನಗಳಲ್ಲೇ. ಹೇಗೂ ಅರ್ಧ ಬಲದ ತಂಡ, ಹೇಗೂ ಸಣ್ಣ ಮೈದಾನ. ಅದರ ಮುಂಚೆ ಒಂದು ವಾರದಲ್ಲಿ ಒಂದೇ ಒಂದು ನಾಕೌಟ್ ಸುತ್ತು ಇಟ್ಟು, ಗೆದ್ದ ಸಣ್ಣ ಕೌಂಟಿಗೆ ಮುಂದೆ ಹೋಗಲು ಬಿಟ್ಟರೆ ಆಕಾಶ ಕಳಚಿ ಬೀಳಲ್ಲ. 20 ಕೌಂಟಿಗಳನ್ನೂ ಸೇರಿಸಿ ಅಂತ ಕೇಳುತ್ತಿಲ್ಲ. 1964ರಲ್ಲಿ ಮಾಡಿದ ಹಾಗೆ ಐದು ತಂಡದಿಂದ ಶುರು ಮಾಡಿ. ಹಿಂದಿನ ವರ್ಷ ಚೆನ್ನಾಗಿ ಆಡಿದ ಐದು. ಪಂದ್ಯ ಸಣ್ಣ ಕೌಂಟಿಯ ಊರಲ್ಲೇ ಆಗಲಿ, ಟಿಕೆಟ್ ಹಣ ಅವರಿಗೇ ಹೋಗಲಿ.

ದುಡ್ಡು ಎಲ್ಲಿಂದ ಅಂತ ಮಾತ್ರ ಕೇಳಬೇಡಿ. 2025ರಲ್ಲಿ ದ ಹಂಡ್ರೆಡ್ ತಂಡಗಳ ಪಾಲು ಮಾರಿದಿರಿ. ಕೊಂಡವರಲ್ಲಿ ಮುಂಬೈ, ಲಖನೌ, ಹೈದರಾಬಾದ್ ಐಪಿಎಲ್ ತಂಡಗಳ ಒಡೆಯರೂ ಇದ್ದಾರೆ. ಅಂದರೆ ನಾವು ಇಲ್ಲಿ ಕೂತು ಟಿವಿ ನೋಡಿ ಬೆಳೆಸಿದ ದುಡ್ಡಿನಲ್ಲಿ ಸ್ವಲ್ಪ ನಿಮ್ಮಲ್ಲಿಗೂ ಬಂದಿದೆ. ಅದರಲ್ಲಿ ನಾಲ್ಕು ಪಿಚ್ ಕವರ್, ಒಂದು ರೋಲರ್, ಆಟಗಾರರು ಹಾಕುವ ರಜೆಗೆ ಒಂದಿಷ್ಟು ಭತ್ಯೆ ಸ್ಟಾಫರ್ಡ್‌ಶೈರ್‌ನಂಥವರಿಗೆ ಸಿಗಲಿ ಅಂತ ಕೇಳಿದರೆ ಅದು ಭಿಕ್ಷೆ ಅಲ್ಲ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಮೊದಲ ವರ್ಷದ ಮೊದಲ ಪಂದ್ಯವನ್ನು ಸ್ಟೋನ್ ಮೈದಾನದಲ್ಲಿ ಇಡಿ. ಸ್ಟಾಫರ್ಡ್‌ಶೈರ್ ಎದುರಿಗೆ ಡರ್ಬಿಶೈರ್ ಬರಲಿ. ಟೇಲರ್ ಅವರನ್ನು ಕರೆದುಕೊಂಡು ಹೋದವರು, ಕಾರ್ಕ್ ಅವರನ್ನು ಕರೆದುಕೊಂಡು ಹೋದವರು. ಹಳೇ ಬಾಕಿ ಸ್ವಲ್ಪ ಇದೆ. ಚೀಟಿ ಎತ್ತಿ ಎದುರಾಳಿ ಆರಿಸುವ ಪದ್ಧತಿ ಇದ್ದರೆ, ಈ ಒಂದು ಸಲ ನಾವ್ಯಾರೂ ನೋಡಿಲ್ಲ ಅಂದುಕೊಂಡು ಆ ಚೀಟಿಯನ್ನೇ ಎತ್ತಿ.

ನಿಮ್ಮ ಉತ್ತರಕ್ಕೆ ಕಾಯುವ,
ಒಬ್ಬ ಕನ್ನಡಿಗ ಕ್ರಿಕೆಟ್ ಅಭಿಮಾನಿ